ಕತ್ತಲೆ ಹಾಲ್‌ನ ಗೋಡೆಗೆ ಸ್ಪಂಜ್ ಫಿನಿಶ್ ನಾವೇ ಮಾಡಬಹುದಾ?

ಪ್ರಶ್ನೆ: ಮೈಸೂರಿನ ಅಗ್ರಹಾರದಲ್ಲಿ ನಮ್ಮದು ಹಳೇ ಮನೆ. ಹಾಲ್‌ಗೆ ಒಂದೇ ಕಿಟಕಿ, ಅದರಾಚೆ ಪಕ್ಕದ ಮನೆ ಗೋಡೆ. ಒಳಗೆ ಕಡು ಹಸಿರು ಬಣ್ಣ. ಮಧ್ಯಾಹ್ನವೂ ಅಮ್ಮ ಲೈಟ್ ಹಾಕಿಕೊಂಡೇ ಅಕ್ಕಿ ಆರಿಸುತ್ತಾರೆ, ನೋಡಿದರೆ ಬೇಜಾರಾಗುತ್ತದೆ. ತಿಳಿ ಬಣ್ಣ ಬಳಿದು, ಒಂದು ಗೋಡೆಗೆ ಸ್ಪಂಜ್ ಫಿನಿಶ್ (ಸ್ಪಂಜಿನಿಂದ ಬಣ್ಣ ತಟ್ಟಿ ಮಾಡುವ ಡಿಸೈನ್) ಕೊಡೋಣ ಅಂತಿದ್ದೇವೆ. ಪೇಂಟರ್ ಇಲ್ಲದೆ ನಾವೇ ಮಾಡಬಹುದಾ?

ಉತ್ತರ: ಖಂಡಿತ ಮಾಡಬಹುದು ಸರ್, ನಾನು ಹೋದ ಬೇಸಿಗೆಯಲ್ಲಿ ಮಾಡಿದೆ. ಮೊದಲು ಪ್ರೈಮರ್ (ಬಣ್ಣಕ್ಕೆ ಮುಂಚೆ ಬಳಿಯುವ ತಳದ ಲೇಪ) ಹೊಡೆಯಿರಿ, ಇಲ್ಲಾಂದ್ರೆ ಹಸಿರು ಇಣುಕುತ್ತದೆ. ಆಮೇಲೆ ಕೆನೆ ಬಣ್ಣದ ಎಮಲ್ಷನ್ (ನೀರು ಬೆರೆಸುವ ಗೋಡೆ ಬಣ್ಣ) 2 ಕೋಟ್. ಅದು ಪೂರ್ತಿ ಒಣಗಿದ ಮೇಲೆ, ಅದಕ್ಕಿಂತ ಸ್ವಲ್ಪವೇ ಗಾಢವಾದ ಬಣ್ಣಕ್ಕೆ ನೀರು ಸೇರಿಸಿ ಮಜ್ಜಿಗೆ ಹದಕ್ಕೆ ತಂದು, ಒದ್ದೆ ಮಾಡಿ ಹಿಂಡಿದ ಸ್ಪಂಜನ್ನು ಅದ್ದಿ, ಹಳೇ ಪೇಪರ್ ಮೇಲೆ ಒಂದೆರಡು ಸಲ ಒತ್ತಿ, ಆಮೇಲೆ ಗೋಡೆಗೆ ಮೆಲ್ಲಗೆ ತಟ್ಟುತ್ತಾ ಹೋಗಿ. ಪ್ರತಿ ಸಲ ಕೈ ತಿರುಗಿಸಿ. ಇಲ್ಲದಿದ್ದರೆ ಒಂದೇ ಅಚ್ಚು ಸಾಲಾಗಿ ಕಾಣುತ್ತದೆ.

ಇನ್ನೊಬ್ಬರು, ಮಂಡ್ಯದಿಂದ: ಹಳೇ ಮನೆ ಅಲ್ವಾ, ಮೊದಲು ತೇವ ನೋಡಿ. ಗೋಡೆ ಬುಡದಲ್ಲಿ ಬಿಳಿ ಪುಡಿ ಉದುರುತ್ತಿದ್ದರೆ ಏನು ಬಳಿದರೂ ಹೊಪ್ಪಳೆಯಂತೆ ಎದ್ದು ಬರುತ್ತದೆ. ಮತ್ತೆ, ನಾಲ್ಕೂ ಗೋಡೆಗೆ ಡಿಸೈನ್ ಬೇಡ, ಜಾಸ್ತಿಯಾಗುತ್ತದೆ. ಒಂದಕ್ಕೆ ಸಾಕು. ಉಳಿದಿದ್ದಕ್ಕೆ ಬರೀ ಕೆನೆ, ಸೂರಿಗೆ ಬಿಳಿ.

ಪ್ರಶ್ನೆ ಕೇಳಿದವರು: ಈಗಷ್ಟೇ ಕಿಟಕಿ ಕೆಳಗೆ ಬೆರಳಲ್ಲಿ ಉಜ್ಜಿದೆ. ಪುಡಿ ಬಂತು. ಮೊದಲು ಅದನ್ನೇ ಸರಿ ಮಾಡಿಸುತ್ತೇನೆ. ತುಂಬಾ ಥ್ಯಾಂಕ್ಸ್.