ಎಲೋಯಿಸ್‌ಗೆ ಈ ಗಂಡನಾ? ಬ್ರಿಡ್ಜರ್ಟನ್ ಐದನೇ ಪುಸ್ತಕದ ಜಗಳ

ಒಂಟಿಕೊಪ್ಪಲ್ ಓದುಗಿ
ನಮ್ಮ ಮೈಸೂರು ಓದುಗರ ಗುಂಪಿನಲ್ಲಿ ಭಾನುವಾರ ಅರ್ಧಕ್ಕೆ ನಿಂತ ಜಗಳವನ್ನು ಇಲ್ಲಿ ಮುಂದುವರಿಸುತ್ತಿದ್ದೇನೆ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಿಂತು ಜಗಳ ಆಡಿದರೆ ವಾಕಿಂಗ್‌ನವರು ತಿರುಗಿ ನೋಡ್ತಾರೆ, ಇಲ್ಲಿ ಆ ತೊಂದರೆ ಇಲ್ಲ.

ಬಾರದವರಿಗೆ ಹಿನ್ನೆಲೆ. ಜೂಲಿಯಾ ಕ್ವಿನ್ ಬರೆದ ಬ್ರಿಡ್ಜರ್ಟನ್ ಸರಣಿ, ಇನ್ನೂರು ವರ್ಷ ಹಿಂದಿನ ಇಂಗ್ಲೆಂಡಿನ ಪ್ರೇಮಕಥೆಗಳು. ಒಂದೇ ಮನೆಯ ಎಂಟು ಮಕ್ಕಳು, ಎಂಟು ಪುಸ್ತಕ, ಒಬ್ಬೊಬ್ಬರ ಮದುವೆಗೆ ಒಂದೊಂದು. 2000ದಲ್ಲಿ ಶುರುವಾಗಿ 2006ಕ್ಕೆ ಮುಗಿಯಿತು. ಈಗ ಕೈಯಲ್ಲಿರುವುದು ಐದನೆಯದು, 2003ರ ‘ಟು ಸರ್ ಫಿಲಿಪ್, ವಿತ್ ಲವ್’. ಎಲೋಯಿಸ್ ಕಥೆ.

ಎಲೋಯಿಸ್‌ಗೆ 28 ವರ್ಷ. ಬಂದ ಸಂಬಂಧಗಳನ್ನೆಲ್ಲ ಬೇಡ ಅಂದವಳು. ಪ್ರಾಣಸ್ನೇಹಿತೆ ಪೆನೆಲೊಪೆಗೆ ಮದುವೆ ಆಗಿಬಿಟ್ಟಿದೆ, ಅದೂ ಇವಳ ಅಣ್ಣನ ಜೊತೆಗೇ. ದೂರದ ನೆಂಟಳು ಮರೀನಾ ತೀರಿಕೊಂಡಾಗ ಅವಳ ಗಂಡ ಸರ್ ಫಿಲಿಪ್‌ಗೆ ಸಂತಾಪದ ಕಾಗದ ಬರೆಯುತ್ತಾಳೆ. ಅವನು ಉತ್ತರ ಬರೆಯುತ್ತಾನೆ. ಹೀಗೇ ಒಂದು ವರ್ಷ. ಆಮೇಲೆ ಅವನು, ಬಂದು ಹೋಗು, ಇಬ್ಬರಿಗೂ ಹೊಂದುತ್ತಾ ನೋಡೋಣ ಅಂತಾನೆ. ಇವಳು ಮನೆಯಲ್ಲಿ ಯಾರಿಗೂ ಹೇಳದೆ ರಾತ್ರೋರಾತ್ರಿ ಹೊರಟೇಬಿಡುತ್ತಾಳೆ. ಹೋಗಿ ನೋಡಿದರೆ ಆಸಾಮಿಗೆ ಎಂಟು ವರ್ಷದ ಅವಳಿ ಮಕ್ಕಳು! ಒಂದು ವರ್ಷದ ಕಾಗದದಲ್ಲಿ ಆ ಒಂದು ಸಾಲು ಬರೆಯೋಕೆ ಜಾಗ ಸಿಗಲಿಲ್ಲ ಪುಣ್ಯಾತ್ಮನಿಗೆ.

ನನ್ನ ತಕರಾರು ಇಷ್ಟೇ. ನಾಲ್ಕು ಪುಸ್ತಕದ ತನಕ ಬಾಯಿ ಮುಚ್ಚದ ಹುಡುಗಿ ಎಲೋಯಿಸ್. ಅವಳ ಪುಸ್ತಕ ಬರಲಿ ಅಂತ ನಾನು ಕಾದಿದ್ದೆ. ಬಂದಾಗ ಅವಳನ್ನು ಮಾತೇ ಬೇಡ ಅನ್ನುವ ಗಂಡಸಿನ ಮನೆಗೆ ಕಳಿಸಿ, ಇಬ್ಬರು ಮಕ್ಕಳನ್ನು ಕೈಗೆ ಕೊಟ್ಟು ಕೂರಿಸಿದರು. ಇದು ಮದುವೆಯಾ, ಕೆಲಸಕ್ಕೆ ಸೇರಿಸಿದ್ದಾ?

ಮಂಡ್ಯ ಪ್ಯಾಸೆಂಜರ್
ಅಕ್ಕ, ಸ್ವಲ್ಪ ನಿಲ್ಲಿ. ಈ ಪುಸ್ತಕವನ್ನು ನಾನು ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ನಾಲ್ಕು ದಿನ ಹೋಗಿ ಬರ್ತಾ ಮುಗಿಸಿದೆ. ಇಡೀ ಸರಣಿಯಲ್ಲಿ ನನಗೆ ನಮ್ಮವನು ಅನ್ನಿಸಿದ್ದು ಫಿಲಿಪ್ ಒಬ್ಬನೇ. ಮೊದಲ ಪುಸ್ತಕಗಳಲ್ಲಿ ಬರೀ ಡ್ಯೂಕು, ವೈಕೌಂಟು. ನೋಡೋಕೆ ಚೆಂದ, ಮಾತಿಗೆ ಮಾತು. ಇವನಿಗೆ ಮಾತು ಬರಲ್ಲ. ಗಿಡ ಗೊತ್ತು, ಬೀಜ ಗೊತ್ತು, ಅಷ್ಟೇ. ಮನೇಲಿ ಮಕ್ಕಳು ಗಲಾಟೆ ಮಾಡಿದರೆ ಎದ್ದು ತನ್ನ ಗಾಜಿನ ಮನೆಗೆ ಹೋಗಿ ಗಿಡದ ಮಧ್ಯೆ ನಿಂತುಕೊಳ್ಳುತ್ತಾನೆ. ನಮ್ಮ ಕಡೆ ಗಂಡಸರು ಗದ್ದೆ ಬದುವಿನ ಮೇಲೆ ಹೋಗಿ ಕೂರ್ತಾರಲ್ಲ, ಅದೇ.

ಯಾಕೆ ಹಾಗೆ ಅಂತಾನೂ ಪುಸ್ತಕದಲ್ಲೇ ಇದೆ. ಅವನಪ್ಪ ಅವನಿಗೆ ಹೊಡೆದು ಹೊಡೆದು ಬೆಳೆಸಿದವನು. ತನ್ನ ಕೈಯೂ ಎಲ್ಲಿ ಮಕ್ಕಳ ಮೇಲೆ ಏಳುತ್ತೋ ಅನ್ನೋ ಭಯ. ಅದಕ್ಕೇ ದೂರ ನಿಲ್ತಾನೆ. ಇದು ಕಲ್ಲು ಮನಸ್ಸಲ್ಲ ಅಕ್ಕ, ಹೆದರಿಕೆ.

ಸುಮ್ನೆ ಓದ್ತೀನಿ
ಅವಳಿಗಳು ದಾರಿಗೆ ಅಡ್ಡ ದಾರ ಕಟ್ಟಿ ಎಲೋಯಿಸ್‌ನ ಬೀಳಿಸಿ ಕಣ್ಣು ಊದಿಸೋ ಭಾಗಕ್ಕೆ ನಾನು ಬಿದ್ದೂ ಬಿದ್ದೂ ನಕ್ಕೆ. ಆಮೇಲೆ ನಾಲ್ಕು ಜನ ಅಣ್ಣತಮ್ಮಂದಿರು ನುಗ್ಗಿ ಬರ್ತಾರೆ, ನೋಡಿದರೆ ತಂಗಿ ಕಣ್ಣು ಕಪ್ಪಾಗಿದೆ. ದೊಡ್ಡಣ್ಣ ಸೀದಾ ಫಿಲಿಪ್ ಕುತ್ತಿಗೆಗೇ ಕೈ ಹಾಕ್ತಾನೆ. ಈ ಒಂದು ಸೀನ್‌ಗೆ ಪುಸ್ತಕದ ದುಡ್ಡು ವಸೂಲು. ಉಳಿದದ್ದೆಲ್ಲ ನೀವು ನೀವೇ ನೋಡ್ಕೊಳ್ಳಿ.

ವೀಕೆಂಡ್ ಬಿಂಜ್
ಒಂದು ನಿಮಿಷ. ಮರೀನಾ ಅಂದ್ರೆ ಫೆದರಿಂಗ್ಟನ್ ಮನೇಲಿದ್ದ ಹುಡುಗಿ ಅಲ್ವಾ? ನೆಟ್‌ಫ್ಲಿಕ್ಸ್‌ನಲ್ಲಿ ನೋಡಿದೀನಲ್ಲ. ಅವಳು ಯಾವಾಗ ಸತ್ತಳು?

ಹಳೇ ಲೈಬ್ರರಿ ಕಾರ್ಡ್
ಅದು ವೆಬ್ ಸರಣಿಯವರು ಮಾಡಿಕೊಂಡ ಬದಲಾವಣೆ. 2020ರ ಡಿಸೆಂಬರ್‌ನಲ್ಲಿ ಬಂದ ಮೊದಲ ಸೀಸನ್‌ನಲ್ಲಿ ಮರೀನಾಗೆ ದೊಡ್ಡ ಪಾತ್ರ ಕೊಟ್ಟರು. ಅವಳು ಪ್ರೀತಿಸಿದ ಜಾರ್ಜ್ ಯುದ್ಧದಲ್ಲಿ ಸಾಯುತ್ತಾನೆ, ಅವನ ತಮ್ಮ ಫಿಲಿಪ್ ಅವಳನ್ನು ಮದುವೆ ಆಗುತ್ತಾನೆ. ಪುಸ್ತಕದಲ್ಲಿ ಅವಳು ಬ್ರಿಡ್ಜರ್ಟನ್‌ಗಳಿಗೇ ದೂರದ ನೆಂಟಳು. ಐದನೇ ಪುಸ್ತಕದ ಪೀಠಿಕೆಯಲ್ಲೇ ಅವಳ ಕಥೆ ಮುಗಿದುಹೋಗುತ್ತದೆ.

ನನ್ನ ಅಸಮಾಧಾನ ಬೇರೆ ಕಡೆ ಇದೆ. ಮೊದಲ ನಾಲ್ಕು ಪುಸ್ತಕದಲ್ಲಿ ಅಧ್ಯಾಯಗಳ ತಲೆಯ ಮೇಲೆ ಲೇಡಿ ವಿಸಲ್‌ಡೌನ್ ಅನ್ನೋ ಗುಟ್ಟಿನ ಹೆಂಗಸಿನ ಪತ್ರಿಕೆಯ ತುಣುಕು ಇರುತ್ತಿತ್ತು. ಊರಿನವರ ಬಾಯಿ ಅದು. ನಾಲ್ಕನೆಯದರಲ್ಲಿ ಅವಳು ಯಾರು ಅಂತ ಗೊತ್ತಾಗಿ ಅಂಗಡಿ ಮುಚ್ಚಿತು. ಐದರಲ್ಲಿ ಆ ಜಾಗಕ್ಕೆ ಎಲೋಯಿಸ್ ಬೇರೆ ಬೇರೆಯವರಿಗೆ ಬರೆದ ಕಾಗದದ ಸಾಲುಗಳು ಬಂದಿವೆ. ಆ ಸಾಲುಗಳು ಚುರುಕಾಗಿವೆ, ನಗು ತರಿಸುತ್ತವೆ. ಆದರೆ ಅಧ್ಯಾಯದ ಒಳಗೆ ಹೋದರೆ ಅಷ್ಟು ಚುರುಕಿನ ಹುಡುಗಿ ಸಿಗುವುದಿಲ್ಲ. ಮೇಲಿನ ನಾಲ್ಕು ಸಾಲಿನ ಎಲೋಯಿಸ್ ಒಬ್ಬಳು, ಕೆಳಗಿನ ಹತ್ತು ಪುಟದ ಎಲೋಯಿಸ್ ಇನ್ನೊಬ್ಬಳು. ಓದುಗರಿಗೆ ಏನೋ ಕಮ್ಮಿ ಆಯ್ತು ಅನ್ನಿಸೋದು ಇಲ್ಲಿಂದ. ಫಿಲಿಪ್ ಪಾಪ ನೆಪ ಅಷ್ಟೇ.

ಒಂಟಿಕೊಪ್ಪಲ್ ಓದುಗಿ
ನಾನು ಒಂದು ವಾರದಿಂದ ಹುಡುಕ್ತಿದ್ದ ಮಾತು ಇದು. ಒಪ್ಪಿದೆ. ಆದರೂ ಫಿಲಿಪ್‌ನ ಬಿಡಲ್ಲ.

ಚಾಮುಂಡಿಪುರಂ ಅಜ್ಜಿ
ನಾನು ಇಂಗ್ಲಿಷ್ ಓದುವುದು ನಿಧಾನ. ಮೊಮ್ಮಗಳು ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಟ್ಟಳು. ಪೀಠಿಕೆ ಓದಿ ಎರಡು ದಿನ ಮುಂದೆ ಹೋಗಲಿಲ್ಲ. ನೀವೆಲ್ಲ ಅದನ್ನು ಒಂದು ಸಾಲಿನಲ್ಲಿ ದಾಟಿಬಿಟ್ಟಿರಿ. ಅದಕ್ಕೇ ಬರೆಯುತ್ತಿದ್ದೇನೆ.

ವಾರಗಟ್ಟಲೆ ಮೋಡ ಮುಚ್ಚಿದ್ದ ಊರಿನಲ್ಲಿ ಅವತ್ತು ಬಿಸಿಲು ಬಂದಿರುತ್ತದೆ. ಆ ಬಿಸಿಲಿನಲ್ಲಿ ಮರೀನಾ ಕೆರೆಗೆ ನಡೆದುಹೋಗುತ್ತಾಳೆ. ಗಂಡ ಧುಮುಕಿ ಎಳೆದು ತರುತ್ತಾನೆ. ಆದರೆ ತಣ್ಣೀರಿಗೆ ಜ್ವರ ಬಂದು ಅವಳು ಹೋಗಿಬಿಡುತ್ತಾಳೆ. ಎಷ್ಟೋ ವರ್ಷದಿಂದ ಅವಳಿಗೆ ನಗುವೇ ಇರಲಿಲ್ಲವಂತೆ. ಯಾಕೆ ಇರಲಿಲ್ಲ? ಅವಳಿಗೆ ಹೇಗಿತ್ತು? ಪುಸ್ತಕ ಕೇಳುವುದೇ ಇಲ್ಲ. ಅಂಥವಳ ಜೊತೆ ಬಾಳಿದ ಗಂಡನಿಗೆ ಎಷ್ಟು ಕಷ್ಟ ಆಯಿತು ಅಂತ ಮಾತ್ರ ಹೇಳುತ್ತದೆ.

ನಾನು ತ್ರಿವೇಣಿಯವರನ್ನು ಓದಿ ಬೆಳೆದವಳು. ಅವರು ನಮ್ಮ ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರ ಓದಿದವರು. 1963ರಲ್ಲಿ ಹೆರಿಗೆಯಾದ ಸ್ವಲ್ಪ ದಿನಕ್ಕೇ ತೀರಿಕೊಂಡರು, ಇನ್ನೂ 35 ತುಂಬಿರಲಿಲ್ಲ. ಅವರ ‘ಶರಪಂಜರ’ದ ಕಾವೇರಿಗೂ ಹೆರಿಗೆ ಆದ ಮೇಲೇ ಮನಸ್ಸು ಕೆಡುವುದು. ಆಸ್ಪತ್ರೆಯಿಂದ ಗುಣವಾಗಿ ಬರುತ್ತಾಳೆ. ಬಂದ ಮೇಲೆ ಅವಳು ಜೋರಾಗಿ ನಕ್ಕರೂ ಮನೆಯವರಿಗೆ ಅನುಮಾನ, ಸುಮ್ಮನೆ ಕೂತರೂ ಅನುಮಾನ. 1971ರಲ್ಲಿ ಪುಟ್ಟಣ್ಣ ಸಿನಿಮಾ ಮಾಡಿದಾಗ ಕಲ್ಪನಾ ಅಭಿನಯ ನೋಡಿ ಥಿಯೇಟರಿನಲ್ಲಿ ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದು ನೆನಪಿದೆ. ಹಿಂದಿನ ಸಾಲಿನಲ್ಲಿದ್ದ ನಮ್ಮತ್ತೆಯೂ ಹಾಗೇ ಕೂತಿದ್ದರು. ಮನೆಗೆ ಬಂದು ಮಾತ್ರ, ಅತಿಯಾಯಿತು ಅಂದರು.

ಕಾವೇರಿಯ ಒಳಗೆ ಕೂತು ಕಥೆ ಹೇಳಿದ್ದನ್ನು ಓದಿದ ಕಣ್ಣಿಗೆ, ಮರೀನಾಳನ್ನು ಬಾಗಿಲಾಚೆಯಿಂದ ತೋರಿಸಿ ಪುಟ ತಿರುಗಿಸಿದರೆ ಹೇಗೆ ಹಿಡಿಸಬೇಕು?

ಮಂಡ್ಯ ಪ್ಯಾಸೆಂಜರ್
ಅಮ್ಮಾ, ನಿಮ್ಮ ಮುಂದೆ ವಾದ ಮಾಡೋಕೆ ಹೆದರಿಕೆ. ಆದ್ರೂ ಹೇಳ್ತೀನಿ. ಫಿಲಿಪ್ ನೀರಿಗೆ ಧುಮುಕಿದ್ನಲ್ಲ? ಕಾವೇರಿ ಗಂಡ ಸತೀಶನ ಥರ ಇನ್ನೊಬ್ಬಳ ಹಿಂದೆ ಹೋಗಲಿಲ್ಲವಲ್ಲ?

ಚಾಮುಂಡಿಪುರಂ ಅಜ್ಜಿ
ಅದು ನಿಜ ಕಣಪ್ಪ. ಅದನ್ನು ನಾನು ಒಪ್ಪುತ್ತೇನೆ.

ಹಳೇ ಲೈಬ್ರರಿ ಕಾರ್ಡ್
ಅಮ್ಮ, ಹೋಲಿಕೆ ಸರಿಯಲ್ಲ ಅಂತ ನನ್ನ ಅನಿಸಿಕೆ. ತ್ರಿವೇಣಿ ಬರೆದದ್ದು ಪ್ರೇಮಕಥೆ ಅಲ್ಲ. ಕಾವೇರಿ ಕಥೆ ಸುಖವಾಗಿ ಮುಗಿಯಲೇಬೇಕು ಅಂತ ಅಲ್ಲಿ ಯಾರೂ ಮಾತು ಕೊಟ್ಟಿರಲಿಲ್ಲ. ಇಲ್ಲಿ ಓದುಗರು ಪುಸ್ತಕ ಕೊಳ್ಳುವಾಗಲೇ ಆ ಮಾತು ತಗೊಂಡಿರುತ್ತಾರೆ, ಕೊನೆಗೆ ಇಬ್ಬರೂ ಚೆನ್ನಾಗಿರಬೇಕು ಅಂತ. ಹೋಳಿಗೆ ಅಂಗಡಿಗೆ ಹೋಗಿ ಖಾರ ಇಲ್ಲ ಅಂದ ಹಾಗಾಯ್ತು.

ಒಂಟಿಕೊಪ್ಪಲ್ ಓದುಗಿ
ಖಾರ ಇಲ್ಲ ಅಂತ ಯಾರ್ರೀ ಅಂದರು? ಮೊದಲ ತುತ್ತಿಗೇ ಮೆಣಸಿನಕಾಯಿ ಇಟ್ಟು, ಆಮೇಲೆ ನೀರು ಕೊಡದೆ ಹೋಳಿಗೆ ಬಡಿಸ್ತಾ ಹೋದರು ಅನ್ನೋದು ದೂರು. ಕೆರೆಯ ದೃಶ್ಯ ಬೇಡವಾಗಿದ್ದರೆ ಜ್ವರ ಬಂದು ಹೋದಳು ಅಂತ ಬರೆದು ಮುಗಿಸಬಹುದಿತ್ತಲ್ಲ.

ಮದ್ದೂರಿನವಳು
ಇದನ್ನು ಬರೆಯಲೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ.

ನನ್ನ ಎರಡನೇ ಬಾಣಂತನ ತವರಿನಲ್ಲಿ. ಮಗು ಚೆನ್ನಾಗಿತ್ತು, ನಾನು ಚೆನ್ನಾಗಿರಲಿಲ್ಲ. ಅದು ಅತ್ತರೆ ಕೇಳಿಸುತ್ತಿತ್ತು, ಏಳಬೇಕು ಅನ್ನಿಸುತ್ತಿರಲಿಲ್ಲ. ಅಮ್ಮ ನಂಜು ಅಂದಳು, ಪಕ್ಕದ ಮನೆಯವರು ದೃಷ್ಟಿ ಅಂದರು. ಡಾಕ್ಟರು ರಕ್ತ ಕಮ್ಮಿ ಅಂತ ಮಾತ್ರೆ ಬರೆದುಕೊಟ್ಟರು. ನಮ್ಮನೆಯವರು ಪ್ರತಿ ಭಾನುವಾರ ಬರೋರು. ಬಂದವರು ಬಾಗಿಲ ಹತ್ತಿರ ನಿಲ್ಲೋರು. ಊಟ ಆಯ್ತಾ ಅಂತ ಕೇಳೋರು. ಆಮೇಲೆ ಏನಾದರೂ ರಿಪೇರಿ. ಒಂದು ವಾರ ನಲ್ಲಿ, ಇನ್ನೊಂದು ವಾರ ಫ್ಯಾನು. ಒಂದು ಸಲ ಅಮ್ಮನ ಮಿಕ್ಸಿಯನ್ನು ಪೂರ್ತಿ ಬಿಚ್ಚಿ, ಸ್ಕ್ರೂಗಳನ್ನು ಪೇಪರಿನ ಮೇಲೆ ಸಾಲಾಗಿ ಜೋಡಿಸಿ ಇಟ್ಟಿದ್ದರು. ಮಿಕ್ಸಿಗೆ ಏನೂ ಆಗಿರಲಿಲ್ಲ.

ಅದಕ್ಕೇ ಫಿಲಿಪ್ ಗಾಜಿನ ಮನೆಗೆ ಹೋದಾಗೆಲ್ಲ ನನಗೆ ಆ ಸ್ಕ್ರೂ ಸಾಲು ಕಾಣೋದು. ಅವನ ಮೇಲೆ ಸಿಟ್ಟು ಬಂತು. ಅವನನ್ನು ಬಿಟ್ಟುಹಾಕೋಕೂ ಆಗಲಿಲ್ಲ. ಮಂಡ್ಯದವರು ಹೆದರಿಕೆ ಅಂದ್ರಲ್ಲ, ಹೌದು, ಹೆದರಿಕೆಯೇ. ಆದರೆ ಹೆದರಿಕೊಂಡು ಹೊರಗೆ ಹೋಗೋಕೆ ಅವರಿಗೆ ಇನ್ನೊಂದು ಕೋಣೆ ಇರುತ್ತೆ. ಮಂಚದ ಮೇಲೆ ಇರೋಳಿಗೆ ಎಲ್ಲಿರುತ್ತೆ?

ಇನ್ನೊಂದು. ಇಷ್ಟೊಂದು ಕಾಗದ ಇರೋ ಪುಸ್ತಕ. ಮರೀನಾ ಬರೆದದ್ದು ಒಂದೂ ನನ್ನ ಕಣ್ಣಿಗೆ ಬೀಳಲಿಲ್ಲ. ಮಕ್ಕಳಿಗೆ ಅಂತ ನಾಲ್ಕು ಸಾಲು ಇದ್ದಿದ್ದರೂ ಸಾಕಿತ್ತು.

ಒಂಟಿಕೊಪ್ಪಲ್ ಓದುಗಿ
ಬರೆದದ್ದು ಒಳ್ಳೇದಾಯ್ತು ಕಣ್ರೀ. ಈಗ ಹೇಗಿದ್ದೀರಿ?

ಮದ್ದೂರಿನವಳು
ಈಗ ಚೆನ್ನಾಗಿದೀನಿ. ಆ ಮಗು ಈಗ ಮೂರನೇ ಕ್ಲಾಸು. ಕೊನೆಗೆ ಅಕ್ಕನೇ ಗುರುತು ಹಿಡಿದು ಬೇರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಔಷಧಿ ಕೊಟ್ಟರು, ಮಾತಾಡಿಸಿದರು, ವಾಸಿ ಆಯ್ತು. ಈಗಾದರೆ ಮನಸ್ಸಿನ ತೊಂದರೆಗೆ ಅಂತಲೇ ಇರೋ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡ್ತಾರೆ, ಸರ್ಕಾರದ್ದು, ದುಡ್ಡಿಲ್ಲ. ಯಾರ ಮನೇಲಾದರೂ ಬಾಣಂತಿ ಇದ್ದರೆ ನಂಬರ್ ಬರೆದಿಟ್ಟುಕೊಳ್ಳಿ.

ಮಂಡ್ಯ ಪ್ಯಾಸೆಂಜರ್
ಅಕ್ಕ, ಆ ಇನ್ನೊಂದು ಕೋಣೆ ಮಾತು ನಾನು ಯೋಚನೆ ಮಾಡಿರಲಿಲ್ಲ. ಫಿಲಿಪ್ ಇಷ್ಟ ಅಂದದ್ದನ್ನು ವಾಪಸ್ ತಗೊಳ್ಳಲ್ಲ. ಆದ್ರೆ ಎಲೋಯಿಸ್ ಮಾತಾಡೋಣ ಬಾ ಅಂದಾಗ ಅವನು ಎಲ್ಲ ಚೆನ್ನಾಗೇ ಇದೆಯಲ್ಲ ಅಂತ ರೇಗೋ ಜಾಗ ಬರುತ್ತಲ್ಲ, ರೈಲಿನಲ್ಲಿ ಅದನ್ನು ಓದುವಾಗ ಅವನ ಪರವಾಗಿದ್ದೆ. ನಿನ್ನೆ ರಾತ್ರಿ ಮತ್ತೆ ತೆಗೆದು ಓದಿದೆ. ಅಷ್ಟು ಸಲೀಸಾಗಿ ಇಳಿಯಲಿಲ್ಲ.

ವೀಕೆಂಡ್ ಬಿಂಜ್
ನಾನಿನ್ನೂ ಪುಸ್ತಕ ಓದಿಲ್ಲ, ಆದರೂ ಅಳು ಬಂತು. ಮೊದಲಿಂದ ಓದಬೇಕಾ, ಸೀದಾ ಐದಕ್ಕೆ ಹೋಗಲಾ?

ಹಳೇ ಲೈಬ್ರರಿ ಕಾರ್ಡ್
ನಾಲ್ಕನೆಯದಾದರೂ ಓದಿ ಬನ್ನಿ. ಪೆನೆಲೊಪೆ ಮದುವೆ ಓದದಿದ್ದರೆ ಎಲೋಯಿಸ್ ಯಾಕೆ ಹಾಗೆ ಎದ್ದು ಓಡಿದಳು ಅಂತ ಅರ್ಥ ಆಗೋದಿಲ್ಲ. ಗಂಡು ಹುಡುಕಿಕೊಂಡು ಹೋದಳು ಅಂತಾರೆ ಎಲ್ಲ. ನನಗೆ ಹಾಗನ್ನಿಸಿಲ್ಲ. ಇಬ್ಬರೂ ಮದುವೆ ಆಗದೇ ಜೊತೆಗೆ ಮುದುಕಿಯರಾಗೋಣ ಅಂದುಕೊಂಡಿದ್ದ ಗೆಳತಿ ಕೈಬಿಟ್ಟಳಲ್ಲ, ಆ ಖಾಲಿ ತಡೆಯೋಕೆ ಆಗಲಿಲ್ಲ.

ಮದ್ದೂರಿನವರಿಗೆ ಒಂದು ಮಾತು. ಕ್ವಿನ್ ಆಮೇಲೆ ಪ್ರತಿ ಪುಸ್ತಕಕ್ಕೂ ಒಂದೊಂದು ಹೆಚ್ಚಿನ ಕೊನೆ ಬರೆದರು, 2013ರಲ್ಲಿ ಎಲ್ಲ ಒಟ್ಟಿಗೆ ಬಂತು. ಈ ಪುಸ್ತಕದ ಆ ಭಾಗವನ್ನು ಹೇಳೋದು ಅವಳಿಗಳಲ್ಲಿ ಒಬ್ಬಳು, ಅಮಾಂಡಾ, ದೊಡ್ಡವಳಾದ ಮೇಲೆ. ಮರೀನಾಳ ಕಾಗದ ಅಲ್ಲ ನಿಜ, ಮಗಳ ಮಾತು. ಬೇಕಾದರೆ ನನ್ನ ಹತ್ತಿರ ಇದೆ.

ಮದ್ದೂರಿನವಳು
ಬೇಕು ಸರ್.

ಚಾಮುಂಡಿಪುರಂ ಅಜ್ಜಿ
ಗುಂಪಿನ ಪುಸ್ತಕ ಈಗ ಯಾರ ಹತ್ತಿರ ಇದೆ? ಫೋನಿನಲ್ಲಿ ಓದಿ ಕಣ್ಣು ಉರಿಯುತ್ತಿದೆ.

ಸುಮ್ನೆ ಓದ್ತೀನಿ
ನನ್ನ ಹತ್ತಿರ ಅಜ್ಜಿ. ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದಲ್ವಾ, ಹಿಂದೆ ಓದಿದ ಯಾರೋ ಅಲ್ಲಲ್ಲಿ ಪೆನ್ಸಿಲ್‌ನಲ್ಲಿ ಕನ್ನಡದಲ್ಲಿ ಬರೆದಿದ್ದಾರೆ. ಪೀಠಿಕೆ ಪಕ್ಕ ‘ಪಾಪ’ ಅಂತಿದೆ. ಕಣ್ಣು ಊದಿದ ಕಡೆ ‘ಹಹಹ’. ಮದುವೆ ಆದ ಪುಟದಲ್ಲಿ ‘ಅವಳ ಸೀರೆಗಳೆಲ್ಲ ಏನಾದವೋ’. ಇಂಗ್ಲೆಂಡಿನಲ್ಲಿ ಎಲ್ಲಿಯ ಸೀರೆ ಅಂತ ಮೊದಲು ನಕ್ಕಿದ್ದೆ. ಅದು ಮರೀನಾ ವಿಷಯ ಅಂತ ಈಗ ಗೊತ್ತಾಯ್ತು. ಭಾನುವಾರ ತಂದುಕೊಡ್ತೀನಿ.

ಚಾಮುಂಡಿಪುರಂ ಅಜ್ಜಿ
ತಾ. ಅಳಿಸಬೇಡ ಮತ್ತೆ.