ಮನೆಯಲ್ಲಿ ಬೇಯಿಸಿದ ಕಡಲೆಕಾಯಿಗೆ ಉಪ್ಪು ಹಿಡಿಯುವುದೇ ಇಲ್ಲ, ಯಾಕೆ?

ಕತ್ರಿಗುಪ್ಪೆಯವಳು

ಎಲ್ಲರಿಗೂ ನಮಸ್ಕಾರ. ಕಾರ್ತಿಕದ ಕೊನೆಯ ಸೋಮವಾರ ಹತ್ತಿರ ಬಂತು, ಬೆಂಗಳೂರಿನ ಬುಲ್ ಟೆಂಪಲ್ ರಸ್ತೆಯಲ್ಲಿ ಕಡಲೆಕಾಯಿ ಪರಿಷೆಗೆ ಆಗಲೇ ರಾಶಿ ಬೀಳಲು ಶುರುವಾಗಿದೆ. ನಮ್ಮ ಅತ್ತೆಗೆ ಮಂಡಿ ನೋವು, ಈ ಸಲ ಪರಿಷೆಯ ನೂಕುನುಗ್ಗಲಿಗೆ ಕರೆದುಕೊಂಡು ಹೋಗುವುದು ಆಗದ ಮಾತು. ಹಸಿ ಕಾಯಿ ತಂದು ಮನೆಯಲ್ಲೇ ಬೇಯಿಸಿ ಕೊಡೋಣ ಅಂತ ಇದ್ದೇನೆ.

ಆದರೆ ಪರಿಷೆಯ ಗಾಡಿಯವರ ಹದ ಮನೆಯಲ್ಲಿ ಬರುವುದಿಲ್ಲ. ಅವರ ಕಾಯಿಯನ್ನು ಬಾಯಿಯ ಹತ್ತಿರ ಹಿಡಿದು ಒತ್ತಿದರೆ ಮೊದಲು ಉಪ್ಪುನೀರು ಬರುತ್ತದೆ, ಆಮೇಲೆ ಬೀಜ. ಆ ಬೀಜವೂ ಮೆತ್ತಗೆ ಬೆಂದು ಒಳಗಿನವರೆಗೂ ಉಪ್ಪು ಹಿಡಿದಿರುತ್ತದೆ. ನಾನು ಕುಕ್ಕರಿಗೆ ನೀರು, ಉಪ್ಪು, ಕಾಯಿ ಹಾಕಿ ಮೂರು ಕೂಗು ಕೂಗಿಸಿ, ಆವಿ ಇಳಿದ ತಕ್ಷಣ ನೀರು ಬಸಿದು ತಟ್ಟೆಗೆ ಸುರಿಯುತ್ತೇನೆ. ಸಿಪ್ಪೆ ಮಾತ್ರ ಉಪ್ಪು, ಬೀಜ ಸಪ್ಪೆ. ಉಪ್ಪು ಜಾಸ್ತಿ ಹಾಕಿದರೆ ಸಿಪ್ಪೆ ಇನ್ನೂ ಉಪ್ಪಾಗುತ್ತದೆ, ಬೀಜ ಹಾಗೇ ಇರುತ್ತದೆ.

ಕೊಳ್ಳುವಾಗ ಯಾವ ಥರದ ಕಾಯಿ ನೋಡಿ ತರಬೇಕು? ಮನೆಯಲ್ಲಿ ಒಣಗಿದ ಕಾಯಿಯೂ ಸ್ವಲ್ಪ ಇದೆ, ಅದನ್ನು ನೆನೆಸಿ ಬೇಯಿಸಿದರೆ ನಡೆಯುತ್ತದಾ? ಗೊತ್ತಿರುವವರು ದಯವಿಟ್ಟು ಹೇಳಿ.

ಹಳೇ ಬಸವನಗುಡಿ

ನೀರು ಬಸಿಯುವುದನ್ನು ನಿಲ್ಲಿಸಿ ನೋಡಿ ಮೇಡಂ. ನಿಮ್ಮ ಉಪ್ಪೆಲ್ಲ ಸಿಂಕಿಗೆ ಹೋಗುತ್ತಿದೆ.

ಕಡಲೆಕಾಯಿಗೆ ಉಪ್ಪು ಹಿಡಿಯುವುದು ಒಲೆಯ ಮೇಲಿದ್ದಾಗ ಕಡಿಮೆ, ಒಲೆ ಆರಿಸಿದ ಮೇಲೆ ಜಾಸ್ತಿ. ಕಾಯಿಯ ಒಳಗೆ ಬೀಜದ ಸುತ್ತ ಖಾಲಿ ಜಾಗ ಇರುತ್ತದಲ್ಲ, ಬೇಯುವಾಗ ಅಲ್ಲಿ ಗಾಳಿ, ಹಬೆ ತುಂಬಿಕೊಂಡಿರುತ್ತದೆ. ಅದಕ್ಕೇ ಕಾಯಿಗಳು ತೇಲುತ್ತಿರುತ್ತವೆ. ನೀರು ಆರುತ್ತಾ ಬಂದಂತೆ ಒಳಗಿನ ಹಬೆ ತಣಿದು ನೀರಾಗುತ್ತದೆ, ಒಳಗೆ ಜಾಗ ಖಾಲಿ ಬೀಳುತ್ತದೆ, ಆಗ ಸಿಪ್ಪೆಯ ಸಣ್ಣ ಸಣ್ಣ ಸಂದುಗಳಿಂದ ಹೊರಗಿನ ಉಪ್ಪುನೀರು ಒಳಕ್ಕೆ ಎಳೆದುಕೊಳ್ಳುತ್ತದೆ. ಪಾತ್ರೆಯ ಮುಂದೆ ನಿಂತು ನೋಡಿದರೆ ಕಣ್ಣಿಗೇ ಕಾಣುತ್ತದೆ: ತೇಲುತ್ತಿದ್ದ ಕಾಯಿ ಮೊದಲು ಓರೆಯಾಗುತ್ತದೆ, ಒಂದೆರಡು ಗುಳ್ಳೆ ಬಿಡುತ್ತದೆ, ಆಮೇಲೆ ಮುಳುಗುತ್ತದೆ. ಮುಕ್ಕಾಲು ಭಾಗ ಮುಳುಗಿದ ಮೇಲೆ ಒಂದನ್ನು ಒಡೆದು ರುಚಿ ನೋಡಿ. ಸಾಲದಿದ್ದರೆ ಅದೇ ನೀರಿನಲ್ಲಿ ಇನ್ನೊಂದು ಗಂಟೆ ಬಿಡಿ. ತೇಲುವ ಕಾಯಿಗಳ ಮೇಲೆ ಒಂದು ತಟ್ಟೆ ಭಾರಕ್ಕೆ ಇಟ್ಟರೆ ಎಲ್ಲಕ್ಕೂ ಒಂದೇ ಸಮ ಹಿಡಿಯುತ್ತದೆ.

ಲೆಕ್ಕ ಬೇಕಾದರೆ, ಅರ್ಧ ಕೆಜಿ ಹಸಿ ಕಾಯಿಗೆ ಒಂದೂವರೆ ಲೀಟರ್ ನೀರು, ಮೂರು ದೊಡ್ಡ ಚಮಚ ಕಲ್ಲುಪ್ಪು. ನೀರನ್ನು ನಾಲಿಗೆಗೆ ಹಚ್ಚಿಕೊಂಡರೆ ಸಾರಿಗಿಂತ ಚೆನ್ನಾಗಿ ಉಪ್ಪು ಅನ್ನಿಸಬೇಕು. ಚಿಟಿಕೆ ಅರಿಶಿನ ಹಾಕುವವರು ಹಾಕುತ್ತಾರೆ, ಬಣ್ಣಕ್ಕೆ ಒಳ್ಳೆಯದು. ಎಳೆ ಕಾಯಿಯಾದರೆ ತೆರೆದ ಪಾತ್ರೆಯಲ್ಲಿ ಮುಕ್ಕಾಲು ಗಂಟೆ ಸಾಕು, ಬಲಿತಿದ್ದರೆ ಒಂದು ಗಂಟೆ ಮೀರುತ್ತದೆ. ಕುಕ್ಕರೇ ಬೇಕು ಅಂದರೆ ನಿಮ್ಮ ಮೂರು ಕೂಗು ಸರಿಯಾಗಿದೆ, ಆವಿ ತಾನಾಗಿ ಇಳಿದ ಮೇಲೂ ನೀರು ಬಸಿಯದೆ ಎರಡು ಗಂಟೆ ಹಾಗೇ ಬಿಟ್ಟುಬಿಡಿ.

ಕೆಲವರು ಬೇಯಿಸುವ ಮೊದಲೇ ಕಾಯಿಯ ತುದಿ ಒತ್ತಿ ಬಾಯಿ ಬಿಡಿಸುತ್ತಾರೆ, ಉಪ್ಪು ಬೇಗ ಹಿಡಿಯಲಿ ಅಂತ. ಹಿಡಿಯುವುದು ನಿಜ. ಆದರೆ ತಟ್ಟೆಗೆ ಬರುವಷ್ಟರಲ್ಲಿ ಒಳಗಿನ ಉಪ್ಪುನೀರೆಲ್ಲ ಸೋರಿ ಹೋಗಿರುತ್ತದೆ. ಆ ಮೊದಲ ಗುಟುಕಿಗಾಗಿಯೇ ಅಲ್ವಾ ನಾವು ಬೇಯಿಸಿದ ಕಾಯಿ ತಿನ್ನುವುದು?

ಪಾವಗಡ ಕಡೆಯ ರೈತ

ಬೇಯಿಸುವುದನ್ನು ಸರ್ ಹೇಳಿದ್ದಾರೆ. ನಾನು ಕಾಯಿಯ ಬಗ್ಗೆ ಹೇಳುತ್ತೇನೆ, ನಾವು ಬೆಳೆಯುವವರು.

ಅಂಗಡಿಯಲ್ಲಿ ಒಂದು ಕಾಯಿ ಒಡೆದು ಬೀಜ ಬಾಯಿಗೆ ಹಾಕಿಕೊಂಡು ಸಿಪ್ಪೆ ಬಿಸಾಡಬೇಡಿ ಅಕ್ಕ, ಸಿಪ್ಪೆಯ ಒಳಮೈ ನೋಡಿ. ಪೂರ್ತಿ ಬೆಳ್ಳಗೆ, ಮೆತ್ತಗೆ, ಬೀಜ ಚಿಕ್ಕದಾಗಿದ್ದರೆ ಅದು ಇನ್ನೂ ಎಳೆ, ಬೇಯಿಸಿದರೆ ಬರೀ ನೀರು. ಒಳಮೈಗೆ ಕಂದು, ಕಪ್ಪು ಬಣ್ಣ ಪೂರ್ತಿ ಹಿಡಿದಿದ್ದರೆ ಚೆನ್ನಾಗಿ ಬಲಿತಿದೆ ಅಂತ ಅರ್ಥ. ಬಿತ್ತನೆಗೆ, ಎಣ್ಣೆಗೆ ನಮಗೆ ಅದೇ ಬೇಕು. ಬೇಯಿಸಿ ತಿನ್ನುವುದಕ್ಕೆ ಎರಡರ ನಡುವಿನದು ಒಳ್ಳೆಯದು: ಬೀಜ ಕಾಯಿ ತುಂಬಿರಬೇಕು, ಒಳಮೈಯಲ್ಲಿ ಕಂದು ಗೆರೆ ಈಗಷ್ಟೇ ಮೂಡುತ್ತಿರಬೇಕು. ನಮ್ಮ ಕಡೆ ಹಳೆಯ ಟಿಎಂವಿ-2 ತಳಿ ನೂರು, ನೂರಹತ್ತು ದಿನಕ್ಕೆ ಕೀಳಲು ಬರುತ್ತದೆ. ಅದಕ್ಕಿಂತ ಒಂದು ವಾರ ಮುಂಚೆ ಕಿತ್ತ ಕಾಯಿಯ ಸಿಹಿಯೇ ಬೇರೆ. ರೈತರು ಹಾಗೆ ಮುಂಚೆ ಕಿತ್ತರೆ ತೂಕ ಕಡಿಮೆ ಬರುತ್ತದೆ, ಆದ್ದರಿಂದ ಎಲ್ಲರೂ ಕೀಳುವುದಿಲ್ಲ, ಸಿಕ್ಕರೆ ಬಿಡಬೇಡಿ.

ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಹಸಿ ಕಾಯಿ ಸದ್ದು ಮಾಡಬಾರದು. ಗಲಗಲ ಅಂದರೆ ಒಣಗಿದೆ. ಒತ್ತಿದರೆ ಸುಲಭವಾಗಿ ಒಳಗೆ ಹೋದರೆ ಜೊಳ್ಳು. ರಾಶಿಯಲ್ಲಿ ಜೊಳ್ಳು ತುಂಬಾ ಇದ್ದರೆ ಹೊಲಕ್ಕೆ ಜಿಪ್ಸಂ (ಸುಣ್ಣದ ಅಂಶ ಕೊಡುವ ಪುಡಿ) ಹಾಕಿಲ್ಲ, ಇಲ್ಲವೇ ಕಾಯಿ ತುಂಬುವ ಹೊತ್ತಿಗೆ ಮಳೆ ಕೈಕೊಟ್ಟಿದೆ. ಕಡಲೆಕಾಯಿ ಗಿಡದ ಸ್ವಭಾವ ವಿಚಿತ್ರ, ಹೂವು ಮೇಲೆ ಬಿಡುತ್ತದೆ, ಆಮೇಲೆ ಅದರಿಂದ ಊಡು, ಅಂದರೆ ಕಡ್ಡಿಯಂಥ ಕುಡಿ, ಇಳಿದು ಮಣ್ಣಿನೊಳಗೆ ಹೋಗಿ ಕಾಯಿ ಕಟ್ಟುತ್ತದೆ, ಮತ್ತು ಸುಣ್ಣದ ಅಂಶವನ್ನು ಬೇರಿಗಿಂತ ಆ ಕಾಯಿಯೇ ನೇರವಾಗಿ ಮಣ್ಣಿನಿಂದ ಎಳೆದುಕೊಳ್ಳಬೇಕು. ಅದಕ್ಕೇ ಹೂವು ಬಿಡುವ ಹೊತ್ತಿಗೆ ಗಿಡದ ಬುಡಕ್ಕೆ ಜಿಪ್ಸಂ ಕೊಡುವುದು.

ಇನ್ನೊಂದು ವಿಷಯ. ಕೀಳುವ ಹೊತ್ತಿಗೆ ಮಳೆ ಹಿಡಿದುಕೊಂಡರೆ ಈ ಗಿಡ್ಡ ತಳಿಗಳಲ್ಲಿ ಕಾಯಿ ಮಣ್ಣೊಳಗೇ ಮೊಳಕೆ ಒಡೆಯುತ್ತದೆ. ಅಂಥ ವರ್ಷ ರಾಶಿಯಲ್ಲಿ ಮೊಳಕೆ ಬಂದ ಕಾಯಿಯೂ ಸೇರಿರುತ್ತದೆ. ನೋಡಿ ಆರಿಸಿ, ಬೇಯಿಸಿದರೆ ರುಚಿ ಇರುವುದಿಲ್ಲ.

ತಂದ ಕಾಯಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ಇಡಲೇಬೇಡಿ. ಹಸಿ ಕಾಯಿ ಒಳಗೊಳಗೇ ಕಾವು ಏರಿ ಬೇಗ ಬೂಷ್ಟು ಹಿಡಿಯುತ್ತದೆ. ಗೋಣಿಚೀಲದ ಮೇಲೆ ಹರಡಿ, ಅದೇ ದಿನ ಬೇಯಿಸಿ. ಬೂಷ್ಟು ಬಂದ ಕಾಯಿಯನ್ನು, ಕಹಿ ಅನ್ನಿಸಿದ ಬೀಜವನ್ನು ಯೋಚನೆ ಮಾಡದೆ ಎಸೆಯಿರಿ. ಅದರಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು, ಲಿವರಿಗೆ ಕೆಟ್ಟದ್ದು, ಎಷ್ಟು ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ.

ಗದಗ ಕಡೆಯವಳು

ಒಣ ಶೇಂಗಾ ಬಗ್ಗೆ ಕೇಳಿದ್ದೀರಲ್ಲ ಅಕ್ಕಾ, ನಡೆಯುತ್ತದೆ. ಹುರಿದದ್ದು ಆಗಬಾರದು ಅಷ್ಟೇ. ರಾತ್ರಿ ಉಪ್ಪುನೀರಿನಲ್ಲೇ ನೆನೆಹಾಕಿ. ಬೆಳಿಗ್ಗೆ ಆ ನೀರು ಚೆಲ್ಲಿ, ಹೊಸ ನೀರು, ಹೊಸ ಉಪ್ಪು ಹಾಕಿ ಕುಕ್ಕರಿನಲ್ಲಿ ಏಳೆಂಟು ಕೂಗು ಕೂಗಿಸಿ, ಆಮೇಲೆ ಮೇಲೆ ಹೇಳಿದ ಹಾಗೆ ಅದೇ ನೀರಿನಲ್ಲಿ ಬಿಡಿ. ನಿಮ್ಮ ಮನೆಗೆ ಬೋರ್‌ವೆಲ್ ನೀರು ಬರುತ್ತಿದ್ದರೆ ಬೇಯುವುದು ಇನ್ನೂ ತಡ. ಗಡಸು ನೀರಿನಲ್ಲಿ ಯಾವ ಕಾಳೂ ಬೇಗ ಮೆತ್ತಗಾಗುವುದಿಲ್ಲ. ಉಪ್ಪುನೀರಿನಲ್ಲಿ ನೆನೆಸುವುದಕ್ಕೆ ಅದೂ ಒಂದು ಕಾರಣ, ಕಾಳು ಸ್ವಲ್ಪ ಸಡಿಲವಾಗುತ್ತದೆ.

ಆದರೆ ನೇರವಾಗಿ ಹೇಳುತ್ತೇನೆ, ಹಸಿ ಶೇಂಗಾದ ಸಿಹಿ ಒಣಗಿದ್ದರಲ್ಲಿ ಬರುವುದಿಲ್ಲ. ಹಸಿ ಸಿಗುವ ಕಾಲದಲ್ಲಿ ಹಸಿಯನ್ನೇ ತಿನ್ನಬೇಕು. ನೀರಾವರಿ ಇದ್ದವರ ಬೇಸಿಗೆ ಬೆಳೆ ಏಪ್ರಿಲ್, ಮೇ ತಿಂಗಳಲ್ಲೂ ಬರುತ್ತದೆ, ಸಂತೆಯಲ್ಲಿ ಕೇಳಿ ನೋಡಿ.

ನಮ್ಮ ಕಡೆ ಹೊಲದಲ್ಲೇ ಗಿಡ ಸಮೇತ ಸುಟ್ಟು ತಿನ್ನುವುದು ಭಾಳ ಚಲೋ. ಆದರೆ ಕುದಿಸಿದ್ದು ಮುದುಕರಿಗೆ, ಮಕ್ಕಳಿಗೆ ಒಳ್ಳೆಯದು, ಹಲ್ಲಿಗೆ ಕೆಲಸ ಇರುವುದಿಲ್ಲ. ನಿಮ್ಮ ಅತ್ತೆಯವರಿಗೆ ಜೊತೆಗೆ ಒಂದು ಚೂರು ಬೆಲ್ಲ ಕೊಡಿ. ಮಿಕ್ಕಿದ್ದನ್ನು ಸುಲಿದು ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸಣ್ಣಗೆ ಹೆಚ್ಚಿ ಹಾಕಿ ಲಿಂಬೆ ಹಿಂಡಿ, ಸಂಜೆ ಚಹಾದ ಜೊತೆ ತಿನ್ನಿ.

ಕ್ಯಾರೊಲಿನಾ ಕನ್ನಡಿಗ

ಸುಮ್ನೆ ಸೇರಿಸುತ್ತೇನೆ. ನಾನಿರುವ ಸೌತ್ ಕ್ಯಾರೊಲಿನಾದಲ್ಲಿ ಬೇಯಿಸಿದ ಕಡಲೆಕಾಯಿ 2006ರಿಂದ ರಾಜ್ಯದ ಅಧಿಕೃತ ತಿಂಡಿ. ಹೆದ್ದಾರಿ ಬದಿಯಲ್ಲಿ ದೊಡ್ಡ ಪಾತ್ರೆ ಇಟ್ಟುಕೊಂಡು ಗಂಟೆಗಟ್ಟಲೆ ಕುದಿಸುತ್ತಾರೆ, ಬೆಂದ ಮೇಲೂ ಆ ಉಪ್ಪುನೀರಿನಲ್ಲೇ ಇಟ್ಟಿರುತ್ತಾರೆ, ಕೇಳಿದವರಿಗೆ ಜಾಲರಿ ಸೌಟಿನಲ್ಲಿ ಬಸಿದು ಪೊಟ್ಟಣಕ್ಕೆ ತುಂಬಿ ಕೊಡುತ್ತಾರೆ. ಮೊದಲ ಸಲ ಕೊಂಡು ತಿಂದಾಗ ನನಗೆ ದೊಡ್ಡ ಗಣಪತಿ ಗುಡಿಯ ಮುಂದಿನ ಗಾಡಿಗಳು ನೆನಪಾಗಿ ಕಣ್ಣು ತುಂಬಿತು. ಹಳೇ ಬಸವನಗುಡಿ ಸರ್ ಹೇಳಿದ್ದು ನೂರಕ್ಕೆ ನೂರು ಸರಿ, ನೆನೆಯಲು ಬಿಡುವುದರಲ್ಲೇ ಎಲ್ಲಾ ಇದೆ.

ಕತ್ರಿಗುಪ್ಪೆಯವಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ಸಿಪ್ಪೆಯ ಒಳಮೈ ನೋಡಬೇಕು ಅನ್ನುವುದು ನನಗೆ ಪೂರ್ತಿ ಹೊಸದು.

ಎರಡು ಸಣ್ಣ ಪ್ರಶ್ನೆ. ಜಾಸ್ತಿ ಬೇಯಿಸಿ ಇಟ್ಟರೆ ಎಷ್ಟು ದಿನ ಇರುತ್ತದೆ? ಆಮೇಲೆ ಅತ್ತೆಗೆ ಬಿಪಿ ಇದೆ, ಉಪ್ಪು ಕಡಿಮೆ ಮಾಡಿದರೆ ರುಚಿ ಪೂರ್ತಿ ಕೆಡುತ್ತದಾ? ಅವರು ಸುಂಕೇನಹಳ್ಳಿ, ಮಾವಳ್ಳಿ, ಗುಟ್ಟಹಳ್ಳಿ, ಹೊಸಕೆರೆಹಳ್ಳಿ, ದಾಸರಹಳ್ಳಿ ಅಂತ ಹಳ್ಳಿಗಳ ಹೆಸರು ಒಂದೇ ಉಸಿರಿಗೆ ಹೇಳುತ್ತಾ, ಬಸವ ರಾತ್ರಿ ಬಂದು ಬೆಳೆ ಮೇಯುತ್ತಿದ್ದ, ರೈತರು ಮೊದಲ ಕಾಯಿ ಅವನಿಗೇ ಕೊಡುತ್ತೇವೆ ಅಂತ ಹರಕೆ ಹೊತ್ತರು ಅನ್ನುವ ಕಥೆಯನ್ನು ಮಕ್ಕಳಿಗೆ ಪ್ರತಿ ವರ್ಷ ಹೇಳುತ್ತಾರೆ. ಅವರ ಎದುರು ಸಪ್ಪೆ ಕಾಯಿ ಇಡಲು ಮನಸ್ಸು ಬರುವುದಿಲ್ಲ.

ಹಳೇ ಬಸವನಗುಡಿ

ಬಿಪಿ ಇದ್ದರೆ ಅವರ ಪಾಲನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿ ಮೇಡಂ. ಉಪ್ಪು ಒಂದು ಚಮಚಕ್ಕೆ ಇಳಿಸಿ, ಆ ನೀರಿಗೆ ಒಂದು ಚೂರು ಶುಂಠಿ ಜಜ್ಜಿ ಹಾಕಿ, ಎರಡು ಹಸಿಮೆಣಸಿನಕಾಯಿ ಸೀಳಿ ಹಾಕಿ. ಉಪ್ಪು ಕಡಿಮೆ ಇದ್ದದ್ದು ಅಷ್ಟಾಗಿ ಗೊತ್ತಾಗುವುದಿಲ್ಲ. ಸಿಪ್ಪೆಯೊಳಗಿನ ನೀರು ಕುಡಿಯಬೇಡಿ ಅಂತ ಹೇಳಿ, ಕೇಳುತ್ತಾರೋ ಬಿಡುತ್ತಾರೋ ಅವರಿಗೆ ಬಿಟ್ಟದ್ದು. ಎಷ್ಟು ತಿನ್ನಬಹುದು ಅಂತ ಅವರ ಡಾಕ್ಟರನ್ನೇ ಕೇಳಿ.

ಬೇಯಿಸಿದ್ದನ್ನು ಹೊರಗೆ ಇಟ್ಟು ಮಾರನೇ ದಿನ ತಿನ್ನಬೇಡಿ. ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಎರಡು ಮೂರು ದಿನ ನಡೆಯುತ್ತದೆ. ಸಿಪ್ಪೆ ಮುಟ್ಟಿದರೆ ಲೋಳೆ ಅನ್ನಿಸಿದರೆ, ಹುಳಿ ವಾಸನೆ ಬಂದರೆ ಎಸೆಯಿರಿ. ಫ್ರೀಜರಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ, ತೆಗೆದು ಒಂದು ಕುದಿ ಬರಿಸಿದರೆ ಸಾಕು.

ತೊಳೆಯುವ ಬಗ್ಗೆ ಹೇಳುವುದೇ ಬಿಟ್ಟುಹೋಗಿತ್ತು. ಕಾಯಿಯ ಗೆರೆಗಳಲ್ಲಿ ಕೂತ ಕೆಂಪು ಮಣ್ಣು ಒಂದೆರಡು ನೀರಿಗೆ ಹೋಗುವುದಿಲ್ಲ. ಅರ್ಧ ಗಂಟೆ ನೀರಿನಲ್ಲಿ ಬಿಟ್ಟು, ಎರಡೂ ಅಂಗೈ ನಡುವೆ ಉಜ್ಜಿ, ನೀರು ತಿಳಿಯಾಗುವವರೆಗೆ ತೊಳೆಯಿರಿ. ಆ ಉಪ್ಪುನೀರು ನೇರವಾಗಿ ಬಾಯಿಗೆ ಹೋಗುವುದಲ್ವಾ.

ಸೋಮವಾರ ಮಧ್ಯಾಹ್ನದ ಮೇಲೆ ಆ ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಭಾನುವಾರ ಬೆಳಿಗ್ಗೆ ಬೇಗ ಹೋಗಿ, ಬಟ್ಟೆಯ ಚೀಲ ತೆಗೆದುಕೊಂಡು ಹೋಗಿ, ಪಾವಗಡದವರು ಹೇಳಿದ ಹಾಗೆ ಒಂದೆರಡು ರಾಶಿಯಲ್ಲಿ ಒಡೆದು ನೋಡಿ. ಒಡೆದು ನೋಡಿದರೆ ಅಲ್ಲಿ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಅವರೇ ಒಂದು ಹಿಡಿ ಕೈಗೆ ಕೊಡುತ್ತಾರೆ.