ಪರಿಷೆಯಲ್ಲಿ ಸೇರಿಗೆ ಚೌಕಾಸಿ ಮಾಡಬಹುದಾ?

ಗಿರಿನಗರದವನು:
ಕಾರ್ತಿಕದ ಕೊನೆಯ ಸೋಮವಾರ ಅಮ್ಮನ ಜೊತೆ ಬಸವನಗುಡಿ ಕಡಲೆಕಾಯಿ ಪರಿಷೆಗೆ ಹೋಗಿದ್ದೆ. ದೊಡ್ಡ ಗಣಪತಿ ಗುಡಿಯ ಹತ್ತಿರ ಅಜ್ಜಿಯೊಬ್ಬರು ಗೋಣಿತಾಟು ಹಾಸಿ ಹಸಿಕಾಯಿ ರಾಶಿ ಹಾಕಿದ್ದರು. ಸೇರಿಗೆ 50 ಅಂದರು, ಅಮ್ಮ 40ಕ್ಕೆ ಇಳಿಸಿದರು. ಅಜ್ಜಿ ಸೇರಿನ ಮೇಲೆ ಗೋಪುರದ ಹಾಗೆ ಕಾಯಿ ಏರಿಸಿ ಚೀಲಕ್ಕೆ ಸುರಿದರು, ಆಮೇಲೆ ಒಂದು ಹಿಡಿ ಕೊಸರು ಬೇರೆ. ಉಗುರಿನ ಸಂದಿಯಲ್ಲಿ ಹೊಲದ ಕೆಮ್ಮಣ್ಣು ಇನ್ನೂ ಇತ್ತು. ಅದೇ ಸಂಜೆ ಮಾಲ್‌ನಲ್ಲಿ ಎರಡು ಕಾಫಿಗೆ 500 ಕೊಟ್ಟೆ, ಬಿಲ್ ಕೂಡ ನೋಡಲಿಲ್ಲ. ಆ 10 ರೂಪಾಯಿ ಇನ್ನೂ ಚುಚ್ಚುತ್ತಿದೆ. ನೀವೆಲ್ಲ ಏನು ಮಾಡ್ತೀರಿ?

ಹನುಮಂತನಗರದವಳು:
ಅಮ್ಮನ ಮೇಲೆ ಬೇಜಾರಾಗಬೇಡಿ. ನಮ್ಮತ್ತೆಯೂ ಚೌಕಾಸಿ ಮಾಡ್ತಿದ್ರು, ಜೊತೆಗೆ ಮಳೆ ಹೇಗಾಯ್ತು, ಮಗಳ ಮದುವೆ ಆಯ್ತಾ ಅಂತ ವಿಚಾರಿಸಿ, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟೇ ಬರ್ತಿದ್ರು. ಮಾತೇ ಆಡದೆ ಸ್ಕ್ಯಾನ್ ಮಾಡಿ ಹೊರಡೋದು ನನಗೆ ಇಷ್ಟವಿಲ್ಲ.

ಚಿಂತಾಮಣಿ ಕಡೆಯವನು:
ನಮ್ಮಪ್ಪ ಪರಿಷೆಗೆ ಕಾಯಿ ತರ್ತಾರೆ. ಕೀಳೋ ಕೂಲಿ, ಬಿಡಿಸೋ ಕೂಲಿ, ಟೆಂಪೋ ಬಾಡಿಗೆ ಎಲ್ಲಾ ಅದರಲ್ಲೇ ಹುಟ್ಟಬೇಕು. ರಾತ್ರಿ ಫುಟ್‌ಪಾತ್ ಮೇಲೆ ಟಾರ್ಪಾಲು ಹೊದ್ದು ಮಲಗ್ತೀವಿ. ಹಸಿಕಾಯಿ ಉಳಿದರೆ ಬೂಷ್ಟು ಹಿಡಿಯುತ್ತೆ, ಅದಕ್ಕೆ ಕೊನೇ ರಾತ್ರಿ ನಾವೇ ರೇಟು ಇಳಿಸ್ತೀವಿ. ಮೊದಲ ದಿನ ಕೇಳಬೇಡಿ ಅಣ್ಣ. ಚಿಲ್ಲರೆ ತನ್ನಿ, ಜನಜಂಗುಳಿಯಲ್ಲಿ ನೆಟ್‌ವರ್ಕ್ ಸಿಗಲ್ಲ, ದುಡ್ಡು ಬಂತೋ ಇಲ್ವೋ ಅಪ್ಪನಿಗೆ ಗೊತ್ತಾಗಲ್ಲ.

ಗಿರಿನಗರದವನು:
ಆಯ್ತು ಅಣ್ಣ. ಮುಂದಿನ ಕಾರ್ತಿಕಕ್ಕೆ ಬಟ್ಟೆಚೀಲ, ಹತ್ತರ ನೋಟುಗಳ ಜೊತೆ ಬರ್ತೀನಿ. ಮೊದಲು ಆ ಅಜ್ಜಿಯನ್ನ ಹುಡುಕ್ತೀನಿ.